ಒಂದೇ ಸೂಜಿಯ ಮನೆ

"ಬೆರಳು," ಎಂದಳು ಅಮ್ಮ.

ಅವನು ಕೊಡಲಿಲ್ಲ. ಧೈರ್ಯ ಮಾಡಿ ಕೊಡದೆ ಕೂತ ಎಂದು ಯಾರೂ ತಿಳಿಯಬೇಕಾಗಿಲ್ಲ. ಕೈ ಮೇಜಿನ ಕೆಳಗೆ ತೊಡೆಯ ಮೇಲಿತ್ತು, ಮೇಲೆ ಬರಲು ಅದಕ್ಕೆ ಮನಸ್ಸಾಗಲಿಲ್ಲ, ಅಷ್ಟೆ. ನಲವತ್ತು ದಾಟಿದ, ನೆತ್ತಿಯಲ್ಲಿ ಕೂದಲು ತೆಳ್ಳಗಾದ, ಬಚ್ಚಲುಮನೆ ಸಾಮಾನಿನ ದೊಡ್ಡ ಶೋರೂಮಿನಲ್ಲಿ 'ಸೀನಿಯರ್' ಎಂಬ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು ಓಡಾಡುವ ಗಂಡಸು ಬೆಳಿಗ್ಗೆ ಎದ್ದು ಮುಖ ತೊಳೆದು ತಾಯಿಯ ಎದುರು ಕೈ ಬಚ್ಚಿಟ್ಟುಕೊಂಡು ಕೂತಿದ್ದ. ಅಮ್ಮನ ಮುಂದೆ ಸಕ್ಕರೆ ನೋಡುವ ಪುಟ್ಟ ಯಂತ್ರ, ಪಟ್ಟಿಗಳ ಡಬ್ಬಿ, ಸ್ಪಿರಿಟಿನಲ್ಲಿ ಅದ್ದಿದ ಹತ್ತಿ, ಮತ್ತೆ ಬೆರಳು ಚುಚ್ಚುವ ಆ ಪೆನ್ನು. ಹೆಡ್‌ಮಿಸ್ ಆಗಿ ನಿವೃತ್ತಳಾದ ಮೇಲೆ ಅವಳಿಗೆ ಬೆಳಿಗ್ಗೆ ಸಾಲಾಗಿ ನಿಲ್ಲಿಸಲು ಮಕ್ಕಳಿಲ್ಲದೆ ಕೈಕಾಲು ಕಟ್ಟಿಹಾಕಿದಂತಾಗಿತ್ತು. ದೇವರು ಕಣ್ಣು ಬಿಟ್ಟು ಮನೆಮಂದಿಗೆಲ್ಲ ಸಕ್ಕರೆ ಕಾಯಿಲೆ ಕೊಟ್ಟ. ಮೊದಲು ಅವಳ ಬೆರಳು, ಆಮೇಲೆ ಅವಳ ತಮ್ಮನದು, ಆಮೇಲೆ ಮಗನದು, ಕೊನೆಗೆ ಸೊಸೆಯದು. ವಯಸ್ಸಿನ ಪ್ರಕಾರ ಬೆರಳುಗಳು ಮೇಜಿನ ಮೇಲೆ ಬರಬೇಕು, ಚುಚ್ಚಿಸಿಕೊಳ್ಳಬೇಕು, ಅಂಕ ಕೇಳಬೇಕು. ಕಡಿಮೆ ಬಂದವರು ಪಾಸು, ಜಾಸ್ತಿ ಬಂದವರು ಫೇಲು. ಮಗನಿಗೆ ಕಾಯಿಲೆ ಇನ್ನೂ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ್ದರೂ ಅಮ್ಮ ಅವನನ್ನು ಸಾಲಿನಿಂದ ಬಿಟ್ಟಿರಲಿಲ್ಲ, ಏಕೆಂದರೆ ಇಡೀ ಕ್ಲಾಸಿನಲ್ಲಿ ಪಾಸಾಗುವವನು ಅವನೊಬ್ಬನೇ.

"ಕೊಡೋ ಅಳಿಯಾ, ಹೊಟ್ಟೆ ತಾಳ ಹಾಕ್ತಿದೆ," ಎಂದ ಮಾವ. ಮಾವ ಎಂದರೆ ಅಮ್ಮನ ತಮ್ಮ, ಮದುವೆ ಗಿದುವೆಯ ಉಸಾಬರಿ ಇಟ್ಟುಕೊಳ್ಳದೆ ಅಕ್ಕನ ಮನೆಯಲ್ಲೇ ಬೇರುಬಿಟ್ಟವನು. ಅವನ ಬೆರಳಿನ ಸರದಿ ಮುಗಿದಿತ್ತು, ಫೇಲಾಗಿಯೂ ಆಗಿತ್ತು. "ನೀನು ಪಾಸಾಗಿ ಮನೆತನದ ಮಾನ ಉಳಿಸು. ನಂದಂತೂ ಹೋಯ್ತು."

"ಇವತ್ತು ಬೇಡಮ್ಮ. ಬೆರಳು ಸುಟ್ಕೊಂಡಿದ್ದೀನಿ. ಶೋರೂಮಲ್ಲಿ ಗೀಸರು..."

"ಇನ್ನೊಂದು ಕೈಲಿ ಬೆರಳಿಲ್ವೇನೋ ಪುಟ್ಟ?"

ಪುಟ್ಟ ಇನ್ನೊಂದು ಕೈ ಕೊಟ್ಟ. ಕೊಡುವಾಗ ಅವನ ಕಣ್ಣು ಪೆನ್ನಿನ ತುದಿಯ ಮೇಲಿತ್ತು. ಅಲ್ಲಿ ಒಣಗಿದ, ಇಟ್ಟಿಗೆ ಬಣ್ಣದ ಏನೋ ಒಂದಿಷ್ಟು ಅಂಟಿತ್ತು. ಅಮ್ಮ ಹತ್ತಿಯಿಂದ ಅದನ್ನು ಒರೆಸಿದಳು, ಕಪ್ಪುಹಲಗೆ ಒರೆಸುವಾಗಿನ ಅದೇ ಗತ್ತಿನಲ್ಲಿ. ಟಕ್ ಎಂದಿತು. ರಕ್ತ ಬಂತು. ಅಂಕ ಬಂತು. "ಪಾಸು," ಎಂದಳು ಅಮ್ಮ, ಹೆಮ್ಮೆಯಿಂದ ತಮ್ಮನ ಕಡೆ ನೋಡಿ. ಅವನು ಹತ್ತಿಗೆ ಹತ್ತಿದ ಇಟ್ಟಿಗೆ ಬಣ್ಣವನ್ನೇ ನೋಡುತ್ತಿದ್ದ. ಹೋದ ವಾರ ಆಸ್ಪತ್ರೆಯಲ್ಲಿ ರಕ್ತ ತೆಗೆಯುತ್ತಿದ್ದ ನರ್ಸಮ್ಮ ಮಾತಿಗೆ ಮಾತು ಸೇರಿಸುತ್ತ ಕೇಳಿದ್ದಳು, ಮನೇಲಿ ರೇಜರ್, ಸೂಜಿ ಏನಾದ್ರೂ ಹಂಚ್ಕೊಂಡು ಬಳಸ್ತೀರಾ ಸರ್ ಎಂದು. ಛೇ ಛೇ, ನಾವು ಅಂಥವರಲ್ಲ, ಎಂದಿದ್ದ ಅವನು. ಅಂಥವರು ಎಂದರೆ ಯಾರು ಎಂದು ಅವಳೂ ಕೇಳಲಿಲ್ಲ. ಆ ರಕ್ತದ ಫಲಿತಾಂಶ ಇವತ್ತು ಮಧ್ಯಾಹ್ನ. ಅವನು ಆಸ್ಪತ್ರೆಗೆ ಹೋಗಿಬಂದದ್ದು ಮನೆಯಲ್ಲಿ ಹೆಂಡತಿಯೊಬ್ಬಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಅವಳೊಂದಿಗೂ ಆ ಬಗ್ಗೆ ಮಾತಾಗಿರಲಿಲ್ಲ.

ಹೆಂಡತಿ ಈಗ ಸಾಲಿನಲ್ಲಿ ಇರಲಿಲ್ಲ. ಅವಳಿದ್ದದ್ದು ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜು ಮತ್ತು ಮುರಿದ ಸೈಕಲ್ಲಿನ ಜೊತೆ. ಹೆರಿಗೆಯಾಗಿ ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ದವಡೆ ಹಲ್ಲು ಕೈಕೊಟ್ಟಿತು. ಕೀಳುವ ಮುಂಚೆ ರಕ್ತ ಪರೀಕ್ಷೆ ಆಗಲಿ ಎಂದ ಹಲ್ಲಿನ ಡಾಕ್ಟರು. ಹಲ್ಲು ಕೀಳಿಸಲು ಹೋದವಳಿಗೆ ಯಕೃತ್ತು ಸಿಕ್ಕಿಬಿದ್ದಿತು. ಹೆಪಟೈಟಿಸ್ ಸಿ ಎಂದರು. ದೊಡ್ಡ ಆಸ್ಪತ್ರೆಗೆ ಕಳಿಸಿದರು, ಅಲ್ಲಿ ಇನ್ನೊಂದು ಪರೀಕ್ಷೆ ಮಾಡಿ ಹೌದು, ವೈರಸ್ಸು ರಕ್ತದಲ್ಲಿದೆ ಎಂದರು. ಡಾಕ್ಟರು ಗಂಡನನ್ನು ಒಳಗೆ ಕರೆದಾಗ ಗಂಡ ಸ್ಕೂಟರ್ ಯಾರಾದರೂ ಎತ್ತಿಕೊಂಡು ಹೋದಾರು ಎಂದು ಕೆಳಗೆ ಕಾಯುತ್ತಿದ್ದ. ಹಾಗಾಗಿ ಡಾಕ್ಟರು ಹೇಳಿದ್ದನ್ನೆಲ್ಲ ಅವಳೊಬ್ಬಳೇ ಕೇಳಿಸಿಕೊಂಡು ಬಂದಳು, ಬರುವಾಗ ಹಿಂದಿನ ಸೀಟಿನಿಂದ ಅವನ ಬೆನ್ನಿಗೆ ಹೇಳುತ್ತ ಬಂದಳು. ಅವನು ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ, ತಿರುಗಿಯೂ ನೋಡದೆ, ನಿಜ ಹೇಳು, ಮದುವೆಗೆ ಮುಂಚೆ ಏನಾದರೂ ಇತ್ತಾ ಎಂದು ಕೇಳಿದ್ದ. ಅವಳು, "ಸಿಗ್ನಲ್ ಬಿಟ್ಟಿದೆ, ಗಾಡಿ ತೆಗೀರಿ," ಎಂದಿದ್ದಳು. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ. ಅವತ್ತಿನಿಂದ ಅವಳು ಅವನ ಬೆನ್ನಿಗಾಗಲೀ ಮುಖಕ್ಕಾಗಲೀ ಹೆಚ್ಚು ಮಾತಾಡಿರಲಿಲ್ಲ.

ತಮಾಷೆ ನೋಡಿ. ಈ ಮನೆಯಲ್ಲಿ ನಂದು ನಿಂದು ಎಂಬ ಮಾತೇ ಇಲ್ಲ ಎನ್ನುವುದು ಅಮ್ಮನ ಜೀವಮಾನದ ಹೆಗ್ಗಳಿಕೆ. ಒಂದೇ ಸೋಪು, ಒಂದೇ ಬಾಚಣಿಗೆ, ಕೈ ಒರೆಸಲು ಒಂದೇ ಟವೆಲ್ಲು. ಬೇರೆ ಬೇರೆ ಎಂದದ್ದಕ್ಕೇ ಲೋಕ ಹಾಳಾಗಿದೆ ಎಂದು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಭಾಷಣ ಬಿಗಿದವಳು. ಅಂಥ ಮನೆಯಲ್ಲಿ ಸಂಜೆಯಾಗುವುದರೊಳಗೆ ಸೊಸೆಗೆ ಬೇರೆ ಲೋಟ, ಬೇರೆ ತಟ್ಟೆ, ಬೇರೆ ಚಮಚ, ಬೇರೆ ಬಕೆಟ್ಟು, ಬೇರೆ ಚಾಪೆ, ಬೇರೆ ಕೋಣೆ ಎಲ್ಲ ಬಂತು. ಇಷ್ಟು ವೈಭವ ಅವಳಿಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ. ಲೋಟದಿಂದ ಬರಲ್ಲ ಅತ್ತೆ, ರಕ್ತದಿಂದ ಮಾತ್ರ ಬರೋದು, ಹಾಲು ಕುಡಿಸಬಹುದು ಅಂದಿದ್ದಾರೆ ಡಾಕ್ಟರು ಎಂದು ಅವಳು ಹೇಳಿಯೇ ಹೇಳಿದಳು. "ನೀನು ಇನ್ನೇನು ಹೇಳ್ತೀಯಾ," ಎಂದಳು ಅಮ್ಮ. ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ, ಬೆಳಿಗ್ಗೆ ಸೂಜಿ ಒಂದೇ ಬಳಸ್ತೀವಲ್ಲ, ಅದಕ್ಕೆ ಎಂದಳು. ಆಗ ನೋಡಬೇಕಿತ್ತು ಅಮ್ಮನ ಮುಖ. "ಕೇಳಿದ್ಯೇನೋ ಪುಟ್ಟ? ಎಲ್ಲಿಂದಲೋ ಹೊತ್ಕೊಂಡು ಬಂದು ನನ್ನ ಸೂಜಿ ಮೇಲೆ ಹಾಕ್ತಿದ್ದಾಳೆ!" ಪುಟ್ಟ ಕೇಳಿಸಿಕೊಂಡ. ಅಮ್ಮ ಮಗುವನ್ನು ಅವಳ ಮಡಿಲಿನಿಂದ ಎತ್ತಿಕೊಂಡು ತನ್ನ ಕೋಣೆಗೆ ಹೋದಳು, ಬಾಟಲಿ ಹಾಲು ಶುರುವಾಯಿತು. ಮಗು ಎರಡು ದಿನ ಮನೆ ಹಾರಿಹೋಗುವಂತೆ ಅತ್ತಿತು, ಆಮೇಲೆ ಅದೂ ಅಡ್ಜಸ್ಟ್ ಮಾಡಿಕೊಂಡಿತು. ಈ ಮನೆಯ ಗಂಡು ಸಂತಾನವಲ್ಲವೇ.

ಅಮ್ಮನ ಮೇಜಿನಿಂದ ಎದ್ದು, ಬೆರಳನ್ನು ಬಾಯಲ್ಲಿಟ್ಟುಕೊಂಡು (ಇಟ್ಟುಕೊಂಡ ಮೇಲೆ ಗಾಬರಿಯಾಗಿ ತೆಗೆದು), ಅವನು ಹಿಂದಿನ ಬಚ್ಚಲಿಗೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಹೆಂಡತಿ ಬೇಸಿನ್ನಿನ ಮೇಲೆ ಬಗ್ಗಿ ಎದೆ ಹಿಂಡಿಕೊಳ್ಳುತ್ತಿದ್ದಳು. ಹಾಲು ನಿಂತು ಹೋಗಬಾರದೆಂದು ದಿನಕ್ಕೆ ಎಷ್ಟೋ ಸಲ ಹೀಗೆ ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು, ನೋಡಿದ್ದು ಇದೇ ಮೊದಲು. ಆ ಬೇಸಿನ್ನು ಅವನೇ ಶೋರೂಮಿನಿಂದ ತಂದದ್ದು, ಮೂಲೆಯಲ್ಲಿ ಚಕ್ಕೆ ಎದ್ದದ್ದರಿಂದ ಸಿಬ್ಬಂದಿಗೆ ಅಗ್ಗಕ್ಕೆ ಸಿಕ್ಕಿತ್ತು. ಬೆಳ್ಳನೆಯ ಪಿಂಗಾಣಿಯ ಮೇಲೆ ಅಷ್ಟೇ ಬೆಳ್ಳನೆಯ ಹಾಲು ಜಾರಿ ತೂತಿಗೆ ಇಳಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಮ್ಮ ಬಾಟಲಿ ಅಲ್ಲಾಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ತಲೆ ಎತ್ತಿ ಕನ್ನಡಿಯಲ್ಲಿ ಅವನನ್ನು ನೋಡಿದಳು. ಅವನು ಬಾಗಿಲ ಹೊರಗೆ ನಿಂತೇ, "ಇವತ್ತು ರಿಪೋರ್ಟ್ ಬರುತ್ತೆ," ಎಂದ. "ಹ್ಞೂಂ," ಎಂದಳು. ನಲ್ಲಿ ತಿರುಗಿಸಿ ಬೇಸಿನ್ ತೊಳೆದಳು.

ಶೋರೂಮಿನಲ್ಲಿ ಅವನಿಗೆ ಅತ್ಯಂತ ಇಷ್ಟವಾದ ಜಾಗ ಕಮೋಡುಗಳ ವಿಭಾಗ. ಸಾಲಾಗಿ ಕೂತ ಕಮೋಡುಗಳು, ಯಾವುದಕ್ಕೂ ಪೈಪಿಲ್ಲ, ನೀರಿಲ್ಲ, ಎಲ್ಲವೂ ಪರಿಶುದ್ಧ. ಗಿರಾಕಿ ಇಲ್ಲದಾಗ ಮುಚ್ಚಳ ಹಾಕಿ ಅದರ ಮೇಲೆ ಕೂತು ಯೋಚನೆ ಮಾಡುವುದು ಅವನ ಅಭ್ಯಾಸ. ಮನೆಯಲ್ಲಿ ಯೋಚನೆಗೆಂದು ಬೇರೆ ಜಾಗವಿರಲಿಲ್ಲ. ಇವತ್ತು ಅಲ್ಲಿ ಕೂತು ಹೆಂಡತಿಯ ಪಾದದ ಗೆಣ್ಣಿನ ಮೇಲಿನ ಹಚ್ಚೆಯ ಬಗ್ಗೆ ಯೋಚಿಸಿದ. ಅದೊಂದು ಮೀನು, ಬೆರಳುಗುರಿನಷ್ಟು ದೊಡ್ಡದು. ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಹೋಗಿ ಹಾಕಿಸಿಕೊಂಡದ್ದು ಎಂದಿದ್ದಳು. ಮದುವೆಯಾದ ಹೊಸದರಲ್ಲಿ ಆ ಮೀನಿಗೆ ಅವನು ಮುತ್ತು ಕೊಟ್ಟದ್ದುಂಟು. ಈಗ ಎರಡು ವಾರದಿಂದ ಆ ಮೀನಿನ ಹಿಂದೆ ಬಿದ್ದಿದ್ದ. ಗೆಳತಿಯರೇ ಇದ್ದರೇ? ಹಚ್ಚೆ ಹಾಕಿದವನು ಗಂಡಸೇ ತಾನೆ? ಕಾಲು ಅವನ ತೊಡೆಯ ಮೇಲಿಟ್ಟಿದ್ದಳೇ? ಕಾಯಿಲೆಯ ಮೂಲ ಹುಡುಕಲು ಹೊರಟ ತನಿಖೆ ಹೀಗೆ ಯಾರದೋ ತೊಡೆಯ ಮೇಲೆ ಹೋಗಿ ನಿಂತು ಅಲ್ಲಿಂದ ಅಲ್ಲಾಡುತ್ತಲೇ ಇರಲಿಲ್ಲ. ತನ್ನ ಮೇಲೂ ಅನುಮಾನ ಪಡದೆ ಇರಲಿಲ್ಲ ಎನ್ನಿ. ತಾನು ಹೋಗುವ ಕ್ಷೌರದ ಅಂಗಡಿಯವನು ಬ್ಲೇಡು ಬದಲಾಯಿಸುತ್ತಾನೋ ಇಲ್ಲವೋ ನೋಡಿದ್ದೇ ಇಲ್ಲ; ಕಣ್ಣು ಮುಚ್ಚಿ ಕುತ್ತಿಗೆ ಒಡ್ಡುವುದು, ಅಷ್ಟೆ. ಆದರೆ ಕ್ಷೌರದವನ ಮೇಲೆ ಅನುಮಾನಪಡುವುದರಲ್ಲಿ ಯಾವ ಸುಖವೂ ಇರಲಿಲ್ಲ, ಮತ್ತೆ ಮೀನಿಗೇ ಬಂದ.

ಮೀನಿನಿಂದ ತಪ್ಪಿಸಿಕೊಂಡಾಗಲೆಲ್ಲ ಅವನು ಹೋಗಿ ಬೀಳುತ್ತಿದ್ದದ್ದು ಒಂದು ಡಬ್ಬಿಯ ಮೇಲೆ. ಬಸಿರಿನಲ್ಲಿ ಅವಳಿಗೆ ಸಕ್ಕರೆ ಕಾಣಿಸಿಕೊಂಡು, ಅಮ್ಮನ ಸಾಲಿಗೆ ಕೊನೆಯ ವಿದ್ಯಾರ್ಥಿನಿಯಾಗಿ ಸೇರಿಕೊಳ್ಳಬೇಕಾದಾಗ, ಅವಳು ಔಷಧಿ ಅಂಗಡಿಯಿಂದ ತನಗೆಂದೇ ಸೂಜಿಗಳ ಡಬ್ಬಿಯೊಂದನ್ನು ತಂದಿದ್ದಳು, ಒಂದು ಸಲ ಚುಚ್ಚಿ ಎಸೆಯುವಂಥವು. ಅಮ್ಮ ಡಬ್ಬಿ ಅಲ್ಲಾಡಿಸಿ ನೋಡಿ, "ಇಷ್ಟೊಂದು ಸೂಜಿನಾ? ಇದೇನು ಮನೆಯೋ ದರ್ಜಿ ಅಂಗಡಿಯೋ?" ಎಂದಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ರಕ್ತ ಅಂದ್ರೆ ಅಷ್ಟೊಂದು ಹೇಸಿಗೆನೇನಮ್ಮ ನಿನಗೆ," ಎಂದಿದ್ದಳು. ಅಮ್ಮನ ಕಣ್ಣೀರು ಅವನಿಗೆ ತಡೆಯಲಾಗದ ವಸ್ತು. ಅವನೇ ಹೆಂಡತಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿ, ಒಂದು ಸೂಜಿ ವಿಷಯಕ್ಕೆ ಮನೆ ಮುರೀಬೇಡ ಮಾರಾಯ್ತಿ, ಅಡ್ಜಸ್ಟ್ ಮಾಡ್ಕೋ, ಸ್ಪಿರಿಟಲ್ಲಿ ಒರೆಸ್ತಾಳಲ್ಲ ಎಂದ. ಅವಳು ಅವನನ್ನು ದಿಟ್ಟಿಸಿ ನೋಡಿ ಡಬ್ಬಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಅಮ್ಮನಿಗೆ ಕೊಟ್ಟ. ಅಮ್ಮ ಆ ಡಬ್ಬಿಯಿಂದಲೇ ತಿಂಗಳಿಗೊಂದು ಸೂಜಿ ತೆಗೆದು ಎಲ್ಲರಿಗೂ ಚುಚ್ಚತೊಡಗಿದಳು, ಸೊಸೆ ತಂದದ್ದು ವರ್ಷಗಟ್ಟಲೆ ಬರುತ್ತೆ ಎಂದು ಬಂದವರ ಎದುರು ಹೊಗಳಿದಳು. ಮನೆ ಮುರಿಯಲಿಲ್ಲ. ಆ ದಿನ ಅವನು ತಾನೊಬ್ಬ ದೊಡ್ಡ ರಾಜತಂತ್ರಜ್ಞ ಎಂದುಕೊಂಡು ಎರಡು ಲೋಟ ಕಾಫಿ ಕುಡಿದಿದ್ದ.

"ಇದರ ಮೇಲೆ ಕೂತು ನೋಡಬಹುದಾ?" ಎಂದರು ಯಾರೋ. ದಪ್ಪ ಮೈಯ ಗಿರಾಕಿ, ಜೊತೆಗೆ ಹೆಂಡತಿ. "ಬಟ್ಟೆ ಸಮೇತ ಕೂರಬಹುದು ಸರ್," ಎಂದ ಅಭ್ಯಾಸಬಲದಿಂದ. ಗಿರಾಕಿ ಕೂತು, ಮುಂದೆ ಹಿಂದೆ ಜರುಗಿ, ಗಂಭೀರವಾಗಿ ಚಾವಣಿ ನೋಡಿದ. ಹೆಂಡತಿ ನಗು ತಡೆಯಲಾರದೆ ಅವನ ಹೆಗಲು ಹಿಡಿದುಕೊಂಡಳು. ಅವರಿಬ್ಬರ ನಗು ನೋಡುತ್ತ ನಿಂತ ಸೀನಿಯರ್‌ಗೆ ಇದ್ದಕ್ಕಿದ್ದಂತೆ ಅಳು ಉಕ್ಕಿಬಂತು. ಕಮೋಡುಗಳ ನಡುವೆ ಅಳುವ ಸೇಲ್ಸ್‌ಮನ್‌ನಿಂದ ಯಾರೂ ಏನೂ ಕೊಳ್ಳುವುದಿಲ್ಲ ಎಂದು ಹೊಳೆದು, ಕ್ಯಾಟಲಾಗ್ ತರ್ತೀನಿ ಸರ್ ಎಂದು ಹೇಳಿ ನೇರ ಹೊರಗೆ ಬಂದು ಸ್ಕೂಟರ್ ಹತ್ತಿದ.

ಡಾಕ್ಟರು ಹೆಂಗಸು, ಹೆಚ್ಚುಕಮ್ಮಿ ಅವನದೇ ವಯಸ್ಸು, ಮೇಜಿನ ಮೇಲೆ ತಿಂದು ಉಳಿದ ಸೇಬಿನ ಹೋಳು. ಕಾಗದ ನೋಡಿ, ಅವನನ್ನು ನೋಡಿ, ಸುತ್ತು ಬಳಸದೆ ಹೇಳಿದರು. "ನಿಮಗೂ ಇದೆ. ಹೆದರಬೇಡಿ, ವಾಸಿಯಾಗೋ ಕಾಯಿಲೆ. ಮೂರು ತಿಂಗಳು ಮಾತ್ರೆ ನುಂಗಿದ್ರೆ ಹೆಚ್ಚುಕಮ್ಮಿ ಎಲ್ಲರಿಗೂ ಪೂರ್ತಿ ಹೋಗುತ್ತೆ. ನಿಮ್ಮ ಯಕೃತ್ತು ಇನ್ನೂ ಚೆನ್ನಾಗಿದೆ. ನಿಮ್ಮ ಹೆಂಡತೀದು ಮಗು ಹಾಲು ಬಿಟ್ಟ ಮೇಲೆ ಶುರು ಮಾಡೋಣ."

ಅವನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಸಿಟ್ಟಿಗಿಂತ ಒಂದು ಬಗೆಯ ಗೆಲುವು. "ಹಾಗಾದ್ರೆ ಅವಳಿಂದ ನನಗೆ ಬಂದಿದೆ ಅಂದಂಗಾಯ್ತಲ್ಲ ಮೇಡಂ."

"ಗಂಡ ಹೆಂಡತಿ ಒಟ್ಟಿಗಿದ್ದ ಮಾತ್ರಕ್ಕೆ ಅಷ್ಟು ಸುಲಭವಾಗಿ ಬರೋ ಕಾಯಿಲೆ ಅಲ್ಲ ಇದು. ಅಪರೂಪಕ್ಕೆ ಬರಬಹುದು. ಇದಕ್ಕೆ ರಕ್ತ ಬೇಕು. ಒಬ್ಬರ ರಕ್ತ ಇನ್ನೊಬ್ಬರ ಮೈಯೊಳಗೆ ಹೋಗಬೇಕು."

"ಅಂದ್ರೆ ಎಂಥೋರಿಗೆ ಬರುತ್ತೆ?" ಎಂದು ಕೇಳಿದ, ಚಿಕ್ಕಂದಿನಲ್ಲಿ ಅಮ್ಮ ಸೇರಬೇಡ ಎಂದು ಹೇಳಿದ್ದ ಹುಡುಗರ ಹೆಸರುಗಳನ್ನೆಲ್ಲ ಡಾಕ್ಟರು ಓದಿಯಾರು ಎನ್ನುವಂತೆ.

"ಒಂದೇ ಸಿರಿಂಜಲ್ಲಿ ನಶೆ ಚುಚ್ಕೊಳ್ಳೋರಿಗೆ," ಎಂದರು ಡಾಕ್ಟರು. ಅವನು ಸಮಾಧಾನದಿಂದ ತಲೆಯಾಡಿಸಿದ. "ಕಿಡ್ನಿ ಕೆಟ್ಟು ವಾರವಾರ ಮೆಷಿನ್ನಲ್ಲಿ ರಕ್ತ ಶುದ್ಧ ಮಾಡಿಸ್ಕೊಳ್ಳೋ ಪಾಪದೋರಿಗೂ ಬರುತ್ತೆ, ಅಲ್ಲಿ ಸ್ವಚ್ಛತೆ ಸರಿ ಇಲ್ಲದಿದ್ರೆ. ಹಿಂದೆ ರಕ್ತಾನ ಈ ಕಾಯಿಲೆಗೆ ಪರೀಕ್ಷೆ ಮಾಡ್ದೇನೇ ಹಾಕ್ತಿದ್ರಲ್ಲ, ಆಗ ಹಾಕಿಸ್ಕೊಂಡೋರಿಗೆ ಬಂದಿದೆ, ಇಪ್ಪತ್ತು ಮೂವತ್ತು ವರ್ಷ ಗೊತ್ತೇ ಆಗದೆ ಒಳಗೇ ಕೂತಿರುತ್ತೆ. ಒಂದೇ ಸೂಜೀಲಿ ಊರಿಗೆಲ್ಲ ಇಂಜೆಕ್ಷನ್ ಕೊಡೋ ಕಡೆ, ಒಂದೇ ಬ್ಲೇಡಲ್ಲಿ ಗಡ್ಡ ಹೆರೆಯೋ ಕಡೆ, ಹಚ್ಚೆ..."

"ಹಚ್ಚೆ!" ಎಂದ ಅವನು, ಕುರ್ಚಿಯಿಂದ ಅರ್ಧ ಎದ್ದು.

"ಕೂತ್ಕೊಳ್ಳಿ. ನಿಮ್ಮ ಹೆಂಡತಿ ಹೇಳಿದ್ದಾರೆ. ಹಚ್ಚೆಯವನು ಅವರೆದುರೇ ಹೊಸ ಸೂಜಿ ಪ್ಯಾಕೆಟ್ ಒಡೆದನಂತೆ, ಕೈಗೆ ಗ್ಲೌಸ್ ಹಾಕಿದ್ನಂತೆ." ಡಾಕ್ಟರು ಸೇಬಿನ ಹೋಳನ್ನು ಬದಿಗೆ ಸರಿಸಿದರು. "ನಿಮ್ಮಮ್ಮ ಗ್ಲೌಸ್ ಹಾಕ್ತಾರಾ?"

ಅವನು ಕೂತ.

"ನಿಮ್ಮ ಹೆಂಡತಿ ಮನೇಲಿ ಹೇಳಿದ್ರಲ್ಲ, ಸೂಜಿ ವಿಷಯ?"

"ಹೇಳಿದ್ಲು."

"ಮತ್ತೆ? ಈಗ ನಿಲ್ಲಿಸಿದ್ದೀರಿ ತಾನೆ?"

ಸುಳ್ಳು ನಾಲಿಗೆಯ ತುದಿಗೆ ಬಂತು. ಬೆಳಿಗ್ಗೆ ಚುಚ್ಚಿದ ಬೆರಳು ಡಾಕ್ಟರ ಎದುರೇ ಮೇಜಿನ ಮೇಲಿತ್ತು, ತುದಿಯಲ್ಲಿ ಕೆಂಪು ಚುಕ್ಕೆ. ಡಾಕ್ಟರು ಆ ಚುಕ್ಕೆಯನ್ನೇ ನೋಡುತ್ತಿದ್ದರು. "ಇವತ್ತೂ ಚುಚ್ಚಿಸ್ಕೊಂಡೆ ಮೇಡಂ," ಎಂದ. "ಅಮ್ಮ ಕೇಳಿದ್ಲು, ಕೊಟ್ಟೆ."

"ನಿಮ್ಮನ್ನ ಏನು ಮಾಡ್ಬೇಕು ಹೇಳಿ," ಎಂದರು ಡಾಕ್ಟರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸ್ಪಿರಿಟಿನ ಹತ್ತಿಯಿಂದ ಒರೆಸಿದರೆ ಸೂಜಿಗೆ ಹತ್ತಿದ್ದು ಸಾಯುವುದಿಲ್ಲ, ಒಣಗಿದ ರಕ್ತದಲ್ಲೂ ಅದು ದಿನಗಟ್ಟಲೆ ಬದುಕಿರುತ್ತದೆ ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು. ಯಾರಿಂದ ಯಾರಿಗೆ ಬಂತು ಅಂತ ನಾನು ಪಂಚಾಯ್ತಿ ಮಾಡಲ್ಲ, ಸಾಲಲ್ಲಿ ಕೂತೋರೆಲ್ಲ ನಾಳೆ ಇಲ್ಲಿಗೆ ಬನ್ನಿ ಎಂದರು. ಅವನು ಎದ್ದು ಬಾಗಿಲವರೆಗೂ ಹೋಗಿ ನಿಂತ. ಮಗುವಿನ ಬಗ್ಗೆ ಕೇಳಬೇಕೆಂದಿದ್ದ. ಡಾಕ್ಟರೇ ಕೇಳಿದರು, "ಮಗು ಹೇಗಿದೆ? ಹಾಲು ಕುಡೀತಿದೆಯಾ?"

"ಬಾಟಲಿ," ಎಂದ.

"ಯಾಕೆ? ಮೊಲೆತೊಟ್ಟು ಒಡೆದು ರಕ್ತ ಬಂದಿದ್ರೆ ಮಾತ್ರ ವಾಸಿಯಾಗೋ ತನಕ ನಿಲ್ಸಿ ಅಂದಿದ್ದೆ. ಒಡೆದಿದೆಯಾ?"

"ಗೊತ್ತಿಲ್ಲ ಮೇಡಂ."

"ನಿಮ್ಮ ಹೆಂಡತೀನ ಕೇಳಿದ್ರೆ ಗೊತ್ತಾಗುತ್ತೆ," ಎಂದರು ಡಾಕ್ಟರು. "ಹುಟ್ಟೋವಾಗ ತಾಯಿಯಿಂದ ಮಗೂಗೆ ಬರೋದು ನೂರರಲ್ಲಿ ಐದಾರಕ್ಕೆ. ಅದನ್ನ ಪರೀಕ್ಷೆ ಮಾಡೋಣ. ಹಾಲಿನಿಂದ ಬರಲ್ಲ. ಇದನ್ನ ಆಕೆಗೆ ಹೇಳಿದ್ದೆ."

"ಆಕೆ ನಮಗೆ ಹೇಳಿದ್ಲು," ಎಂದು ಹೇಳಿ ಅವನು ಮೆಟ್ಟಿಲಿಳಿದ. ಕೆಳಗೆ ಅವನ ಸ್ಕೂಟರನ್ನು ಯಾರೂ ಎತ್ತಿಕೊಂಡು ಹೋಗಿರಲಿಲ್ಲ.

ದಾರಿಯುದ್ದಕ್ಕೂ ಅವನು ಅಮ್ಮನ ಜೊತೆ ಮಾತಾಡಿದ. ತಲೆಯೊಳಗಿನ ಅಮ್ಮನನ್ನು ಗೆಲ್ಲುವುದು ಸುಲಭ. ಮೂರು ಸಲ ಗೆದ್ದ. ಒಂದು ಸಲ ಅಮ್ಮನೇ ಕಾಲು ಹಿಡಿಯಲು ಬಂದಳು, ಬೇಡ ಬೇಡ ಎಂದ. ಮನೆಯ ಗೇಟು ತೆರೆಯುವ ಹೊತ್ತಿಗೆ ಇವತ್ತೇ ಹೇಳಬೇಕೆಂದೇನಿದೆ, ಮಾವ ಇಲ್ಲದಾಗ ಹೇಳಿದರಾಯಿತು, ಅಥವಾ ಮಾವ ಇರುವಾಗ ಹೇಳಿದರಾಯಿತು ಎಂದು ಲೆಕ್ಕ ಹಾಕತೊಡಗಿದ. ನಡುಮನೆಯಲ್ಲಿ ಇನ್ನೂ ಬಿಸಿಲಿತ್ತು. ಮಾವ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅಮ್ಮನ ತೊಡೆಯ ಮೇಲೆ ಮಗು, ಮಗುವಿನ ಬಾಯಲ್ಲಿ ಬಾಟಲಿ. ಅಮ್ಮ ಬಗ್ಗಿ ಅದರ ಹಣೆಗೆ, ಮೂಗಿಗೆ, ಅಂಗೈಗೆ ಒಂದೊಂದು ಮುತ್ತು ಕೊಡುತ್ತಿದ್ದಳು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಆ ಮುಚ್ಚಿದ ಬಾಗಿಲನ್ನು ನೋಡುತ್ತಲೇ, ಯಾವ ಪೀಠಿಕೆಯೂ ಇಲ್ಲದೆ, ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

"ಅಮ್ಮ, ನನಗೂ ಇದೆ."

ಮಾವನ ಉಗುರುಕತ್ತರಿ ನಿಂತಿತು. ಅಮ್ಮ ಮಗುವನ್ನು ಎದೆಗೆ ಒತ್ತಿಕೊಂಡು, "ಹಚ್ಚಿಬಿಟ್ಲಾ!" ಎಂದಳು. "ನನಗೆ ಗೊತ್ತಿತ್ತು ಕಣೋ. ನಾನು ಅವತ್ತೇ ಅಂದೆ. ನನ್ನ ಮಗನ ಬಾಳು ಹಾಳು ಮಾಡಿದ್ಲಲ್ಲೋ!"

ಇಲ್ಲಿ ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಅವನಷ್ಟು ಪಳಗಿದವರು ಯಾರೂ ಇರಲಿಲ್ಲ. ಇನ್ನೊಂದು ಲೋಟ, ಇನ್ನೊಂದು ತಟ್ಟೆ ಬಂದು, ಅಮ್ಮನ ಕಣ್ಣೀರಿನಲ್ಲಿ ಅವನು ಬೆಚ್ಚಗೆ ಇರಬಹುದಿತ್ತು. "ಅವಳಲ್ಲ, ಸೂಜಿ," ಎಂದ. ಸ್ವರ ಒಡೆದು ಕೀರಲಾಗಿ ಬಂತು, ಹದಿನಾಲ್ಕರ ಹುಡುಗನಂತೆ. "ಅವಳ ಬೆರಳು ಯಾವಾಗ್ಲೂ ಕೊನೇದು. ನಮ್ಮ ಮೂವರ ರಕ್ತ ಹತ್ತಿದ ಸೂಜೀನೇ ಅವಳಿಗೆ ಚುಚ್ತಿದ್ದದ್ದು. ಅವಳು ಬೇಡ ಅಂದ್ಲು. ನಾನೇ ಚುಚ್ಚಿಸ್ಕೋ ಅಂದೆ."

"ನಾನು ಸ್ಪಿರಿಟಲ್ಲಿ ಒರೆಸ್ತೀನಿ!" ಎಂದು ಕೂಗಿದಳು ಅಮ್ಮ. "ಇಷ್ಟು ವರ್ಷ ಎಷ್ಟು ಮಕ್ಕಳ ಗಾಯ ಒರೆಸಿದ್ದೀನಿ, ಮಂಡಿ ಒಡ್ಕೊಂಡು ಬಂದೋರ್ನ..."

"ಸ್ಪಿರಿಟಿಗೆ ಸಾಯಲ್ವಂತಮ್ಮ."

ಮಾವ ಕೆಮ್ಮಿದ. "ಅಳಿಯಾ, ಆಗಿನ ಕಾಲದಲ್ಲಿ ಹಾಕ್ತಿದ್ರಲ್ಲ ರಕ್ತ. ಲಾರಿ ನನ್ನ ಮೇಲೆ ಹತ್ತಿದಾಗ. ಅದನ್ನ ನೋಡಿ ಹಾಕ್ತಿದ್ರಾ?"

"ಇಲ್ವಂತೆ ಮಾವ. ಆ ಪರೀಕ್ಷೆನೇ ಇರ್ಲಿಲ್ವಂತೆ."

ಮಾವನ ಮೈಯಲ್ಲಿ ಯಾರದೋ ಬಾಟಲಿ ಬಾಟಲಿ ರಕ್ತ ಹರಿಯುತ್ತಿದೆ ಎನ್ನುವುದು ಮನೆಯ ಹಳೆಯ ತಮಾಷೆ. ಕುಡಿದು ಬಂದ ದಿನ ಅವನು ರಕ್ತ ಕೊಟ್ಟ ಆ ಪುಣ್ಯಾತ್ಮನ ಮೇಲೆ ತಪ್ಪು ಹಾಕುತ್ತಿದ್ದ, ನಂದಲ್ಲ ಅಕ್ಕಾ, ಅವನ ಚಪಲ ಎಂದು. ಈಗಲೂ ಅಭ್ಯಾಸದಂತೆ ನಗಲು ಹೊರಟ. "ಅಕ್ಕಾ, ಇಷ್ಟು ವರ್ಷ ನಿನ್ನ ಅನ್ನ ತಿಂದೆ, ನಿನಗೆ ಅಂತ ನಾನು ಏನಾದ್ರೂ ಕೊಟ್ಟಿದ್ರೆ ಇದೊಂದೇ ಕಣೇ," ಎಂದ. ನಗು ಅಲ್ಲಿಗೇ ನಿಂತಿತು. ಕತ್ತರಿಸಿದ ಉಗುರುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಳ್ಳತೊಡಗಿದ.

ಅಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ತುದಿಗಳೆಲ್ಲ ಸಣ್ಣ ಕಪ್ಪು ಚುಕ್ಕೆಗಳು. ಅವಳ ಮುಖದಲ್ಲಿದ್ದ ಹೆಡ್‌ಮಿಸ್ ಎದ್ದುಹೋದಳು. ಮಗುವನ್ನು ಎದೆಯಿಂದ ದೂರ, ತೋಳುದ್ದಕ್ಕೆ ಹಿಡಿದು, "ಈಗ ತಾನೇ ಮುತ್ತು ಕೊಟ್ಟೆನಲ್ಲೋ," ಎಂದಳು. "ಬಾಯಿಗೂ ಕೊಟ್ಟಿದ್ದೀನಿ. ಎಷ್ಟು ಸಲ ಕೊಟ್ಟಿದ್ದೀನಿ. ಅಯ್ಯೋ ಪುಟ್ಟ, ನನಗಿದ್ರೆ? ಮಗೂಗೆ ಹತ್ತಿದ್ರೆ?"

"ಮುತ್ತಿಂದ ಬರಲ್ಲಮ್ಮ," ಎಂದ. "ಲೋಟದಿಂದ ಬರಲ್ಲ, ತಟ್ಟೆಯಿಂದ ಬರಲ್ಲ. ಹಾಲಿಂದಾನೂ ಬರಲ್ಲ."

ಈ ಮಾತನ್ನು ಈ ಮನೆಯಲ್ಲಿ ಇದೇ ಜಾಗದಲ್ಲಿ ನಿಂತು ಇನ್ನೊಬ್ಬಳು ಹೇಳಿದ್ದಳು, ಹೆಚ್ಚುಕಮ್ಮಿ ಇದೇ ಶಬ್ದಗಳಲ್ಲಿ. ಅಮ್ಮನಿಗೂ ಅದು ನೆನಪಾಗಿರಬೇಕು. ಅವನು ಕೈ ಚಾಚಿದಾಗ ಅವಳ ತೋಳು ಸಡಿಲವಾಯಿತು, ಮಗು ಅವನ ಕೈಗೆ ಬಂತು. ಮಗು ಇಷ್ಟು ಭಾರವಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎರಡು ವಾರದಿಂದ ಎತ್ತಿಕೊಂಡಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ಅವನೇ ಮುಟ್ಟಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಹೆಂಡತಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೂಗಾಟವೆಲ್ಲ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮಗುವನ್ನು ಕಂಡದ್ದೇ ಅವಳ ರವಿಕೆಯ ಮುಂಭಾಗ ಒದ್ದೆಯಾಯಿತು. ಅವನ ಕೈಯಿಂದ ಕಿತ್ತುಕೊಂಡಳು ಎಂದೇ ಹೇಳಬೇಕು. ಮಗು ಮೊದಲು ಮುಖ ತಿರುಗಿಸಿತು, ರಬ್ಬರು ಬೇಕೆಂದು ರಂಪ ಮಾಡಿತು, ಕಾಲು ಝಾಡಿಸಿತು. ಅವಳು ಅವಸರ ಮಾಡಲಿಲ್ಲ. ಎರಡು ಹನಿ ಅದರ ತುಟಿಯ ಮೇಲೆ ಹಿಂಡಿದಳು, ಕಾದಳು, ಮತ್ತೆ ಹಿಂಡಿದಳು. ಮಗು ಚಪ್ಪರಿಸಿತು. ಆಮೇಲೆ ಥಟ್ಟನೆ ಕಚ್ಚಿಕೊಂಡು ಗುಟುಕು ಗುಟುಕಾಗಿ ಎಳೆಯತೊಡಗಿತು. ಅವಳ ಕಣ್ಣಿಂದ ನೀರು ಸುರಿದು ಮಗುವಿನ ತಲೆಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅವನಿಗೆ ಎದೆ ತುಂಬಿ ಬಂತು. ತಾನೇ ಏನೋ ಗೆದ್ದು ತಂದುಕೊಟ್ಟ ಹಾಗೆ ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, "ಅಮ್ಮನಿಗೆ ಎಲ್ಲಾ ಹೇಳ್ದೆ. ಸೂಜಿದೇ ತಪ್ಪು ಅಂತ ಹೇಳ್ದೆ," ಎಂದ. ಅವಳು ಮಗುವಿನ ತಲೆ ಸವರುತ್ತಿದ್ದಳು. "ನಂದೂ ತಪ್ಪು ಅಂತ ಹೇಳ್ದೆ." ಅವಳ ಪಾದ ಚಾಪೆಯಿಂದ ಹೊರಗೆ ಚಾಚಿತ್ತು. ಅವನು ಅದರ ಮೇಲೆ ಕೈಯಿಡಲು ಹೋದ. ಅವಳು ಕಾಲು ಒಳಗೆ ಎಳೆದುಕೊಂಡಳು, ಸಿಟ್ಟಿನಿಂದೇನಲ್ಲ, ಮಗುವಿಗೆ ತೊಡೆ ಸರಿಮಾಡಿಕೊಡಲು ಇರಬಹುದು.

"ಒಂದು ಕೇಳ್ಲಾ?" ಎಂದಳು.

"ಕೇಳು."

"ನಿಮ್ಮ ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬಂದಿದ್ರೆ, ಈ ಹೊತ್ತಲ್ಲಿ ಮಗು ಯಾರ ಹತ್ರ ಇರ್ತಿತ್ತು?"

ಹೇಳಬಹುದಾದ ಸುಳ್ಳುಗಳು ಒಂದರ ಹಿಂದೊಂದು ಬಂದವು, ಎಲ್ಲವೂ ಚೆನ್ನಾಗಿಯೇ ಇದ್ದವು. ಅವನು ಬಾಯಿ ತೆರೆದ. ಅವಳು ಕಾಯುತ್ತಿದ್ದಳು.

"ಅಮ್ಮನ ಹತ್ರ," ಎಂದ.

ಅವಳು ತಲೆಯಾಡಿಸಿದಳು. ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಾಯಿಸಿಕೊಂಡಳು.

"ಬಾಗಿಲು ಹಾಕ್ಕೊಂಡು ಹೋಗಿ," ಎಂದಳು.